ಗುಹೆಮನೆಯ ಬೀಗದ ಕೈ

1986ರಲ್ಲಿ ಇಟಲಿ ಸರ್ಕಾರ ದಕ್ಷಿಣದ ಮತೇರಾ ಎಂಬ ಪಟ್ಟಣಕ್ಕಾಗಿ ಎರಡು ಕೆಲಸಗಳಿಗೆ ಕೈಹಾಕಿತು. ಮೂರು ದಶಕಗಳಿಂದ ಪಾಳುಬಿದ್ದಿದ್ದ ಅಲ್ಲಿನ ಗುಹೆಮನೆಗಳ ಕೇರಿಗಳನ್ನು ದುರಸ್ತಿ ಮಾಡಿ ಮತ್ತೆ ಬಳಕೆಗೆ ತರುವ ಕಾನೂನು ಒಂದು. ಫೆರ್ರಾಂದಿನಾ ಎಂಬಲ್ಲಿಂದ ಮತೇರಾದವರೆಗೆ ರಾಷ್ಟ್ರೀಯ ರೈಲು ಮಾರ್ಗವನ್ನು ಎಳೆದು ತರುವ ಕಾಮಗಾರಿ ಇನ್ನೊಂದು. ಒಂದೇ ವರ್ಷ ನೆಟ್ಟ ಈ ಎರಡು ಸಸಿಗಳಲ್ಲಿ ಮೊದಲನೆಯದು ಹೆಮ್ಮರವಾಯಿತು. 1993ರಲ್ಲಿ ಗುಹೆಮನೆಗಳು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು, 2019ರಲ್ಲಿ ಮತೇರಾ ಯುರೋಪಿನ ಸಾಂಸ್ಕೃತಿಕ ರಾಜಧಾನಿಯಾಗಿ ಮೆರೆಯಿತು. ಎರಡನೆಯದು ಆ ಹೊತ್ತಿಗೂ ಫಲ ಕೊಟ್ಟಿರಲಿಲ್ಲ. ರಾಜಧಾನಿಯ ಪಟ್ಟ ಕಟ್ಟಿಸಿಕೊಂಡ ವರ್ಷದಲ್ಲೂ ಹೊರಗಿನವರು ನೆರೆಯ ಪ್ರಾಂತ್ಯದ ಬಾರಿ ನಗರದಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲೋ ಕಿರುಗೇಜಿನ ಸ್ಥಳೀಯ ರೈಲಿನಲ್ಲೋ ಮತೇರಾ ಸೇರಬೇಕಿತ್ತು.

ಅತಿಥಿಗಾಗಿ ಕೋಣೆ ಸಿದ್ಧವಾಯಿತು, ಆದರೆ ಮನೆಯವರು ಆಸ್ಪತ್ರೆಗೆ, ಕಾಲೇಜಿಗೆ, ಕೆಲಸಕ್ಕೆ ಹೋಗಿಬರುವ ದಾರಿ ಸಿದ್ಧವಾಗಲಿಲ್ಲ. ಮೆಡಿಟರೇನಿಯನ್ ಸುತ್ತಲಿನ ಹಳೆಯ ಹಳ್ಳಿಗಳಲ್ಲಿ ಸುಸ್ಥಿರ ಪ್ರವಾಸೋದ್ಯಮ, ಎಲ್ಲರನ್ನೂ ಒಳಗೊಳ್ಳುವ ಪ್ರವಾಸೋದ್ಯಮ ಎಂಬ ಮಾತುಗಳನ್ನು ಈಗ ಎಲ್ಲ ಯೋಜನೆಗಳ ಮುಖಪುಟದಲ್ಲೂ ಕಾಣಬಹುದು. ಆ ಮಾತುಗಳ ಸತ್ಯಾಸತ್ಯತೆಯನ್ನು ತೂಗಬೇಕಾದರೆ ನೋಡಬೇಕಾದದ್ದು ಪ್ರವಾಸಿ ಬಂದ ಮೇಲೆ ಏನಾಯಿತು ಎಂಬುದನ್ನಲ್ಲ. ಅವನು ಬರುವ ಮೊದಲೇ ಮನೆ ಯಾರ ಹೆಸರಿನಲ್ಲಿತ್ತು, ಬೀಗದ ಕೈ ಯಾರ ಸೊಂಟದಲ್ಲಿತ್ತು ಎಂಬುದನ್ನು. ಮತೇರಾ ಮತ್ತು ಅದರ ಸುತ್ತಲಿನ ಬಸಿಲಿಕಾತಾ ಪ್ರಾಂತ್ಯ ಈ ಪರೀಕ್ಷೆಗೆ ಹೇಳಿಮಾಡಿಸಿದ ಜಾಗ.

ಇಟಲಿಯನ್ನು ಬೂಟಿನ ಆಕಾರಕ್ಕೆ ಹೋಲಿಸುವುದಾದರೆ ಅದರ ಅಂಗಾಲಿನ ಕಮಾನಿನಂತಿರುವ ಭಾಗವೇ ಬಸಿಲಿಕಾತಾ. ಹಳೆಯ ಹೆಸರು ಲುಕಾನಿಯಾ. ಜನ ಇಂದಿಗೂ ತಮ್ಮನ್ನು ಲುಕಾನಿಗಳೆಂದೇ ಕರೆದುಕೊಳ್ಳುತ್ತಾರೆ. ಸುಮಾರು 10,000 ಚದರ ಕಿಲೋಮೀಟರ್ ವಿಸ್ತಾರ, 131 ಪುರಸಭೆಗಳು, ಇಡೀ ಪ್ರಾಂತ್ಯದ ಜನಸಂಖ್ಯೆ ಐದೂಕಾಲು ಲಕ್ಷದ ಆಸುಪಾಸು. ಮಲೇರಿಯಾ ಕಾಡುತ್ತಿದ್ದ ಕಣಿವೆಗಳನ್ನು ಬಿಟ್ಟು ಬೆಟ್ಟದ ನೆತ್ತಿಯ ಮೇಲೆ ಕಟ್ಟಿಕೊಂಡ ಊರುಗಳೇ ಇಲ್ಲಿ ಹೆಚ್ಚು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಲ್ಲಿನವರು ಅರ್ಜೆಂಟೀನಾಕ್ಕೂ ಅಮೆರಿಕಕ್ಕೂ, ಎರಡನೆಯ ಮಹಾಯುದ್ಧದ ನಂತರ ತೊರೀನೊ, ಮಿಲಾನೊ ಮತ್ತು ಜರ್ಮನಿಯ ಕಾರ್ಖಾನೆಗಳಿಗೂ ಗುಳೆ ಹೋದರು. ಆ ಹರಿವು ಈಗ ತೆಳುವಾಗಿದೆಯಾದರೂ ನಿಂತಿಲ್ಲ. ಹೋಗುವವರು ಈಗ ರೈತರಲ್ಲ, ಪದವೀಧರರು. ಹಳ್ಳಿ ಬರಿದಾಗುವುದನ್ನು ಪ್ರವಾಸೋದ್ಯಮ ತಡೆಯುತ್ತದೆ ಎಂಬ ನಂಬಿಕೆಯ ಮೇಲೆ ಇಲ್ಲಿ ಕೋಟಿಗಟ್ಟಲೆ ಯೂರೊ ಸುರಿಯಲಾಗಿದೆ.

ಮತೇರಾದ ಕೇರಿಗಳನ್ನು ಸಾಸ್ಸಿ ಎನ್ನುತ್ತಾರೆ, ಅಂದರೆ ಬಂಡೆಗಳು. ಗ್ರಾವಿನಾ ಎಂಬ ಆಳವಾದ ಕಮರಿಯ ಅಂಚಿನಲ್ಲಿ, ಮೆದುವಾದ ಸುಣ್ಣದ ಕಲ್ಲನ್ನು ಕೊರೆದು ಮಾಡಿದ ಗುಹೆಗಳು, ಅವುಗಳ ಮುಂದೆ ಕೊರೆದ ಕಲ್ಲಿನಿಂದಲೇ ಎಬ್ಬಿಸಿದ ಗೋಡೆಗಳು, ಒಂದು ಮನೆಯ ಚಾವಣಿಯೇ ಮೇಲಿನ ಮನೆಯ ಅಂಗಳ. ಕಾವೆಯೊಸೊ ಮತ್ತು ಬಾರಿಸಾನೊ ಎಂದು ಎರಡು ಸಾಸ್ಸಿಗಳು. ಹಲವು ಗುಹೆಗಳು ಒಂದೇ ಸಣ್ಣ ಅಂಗಳಕ್ಕೆ ಬಾಗಿಲು ತೆರೆಯುತ್ತಿದ್ದವು. ಆ ಅಂಗಳವನ್ನೂ ಅದರ ಸುತ್ತಲಿನ ಕುಟುಂಬಗಳನ್ನೂ ಸೇರಿಸಿ ವಿಚಿನಾತೊ ಎನ್ನುತ್ತಿದ್ದರು. ನಮ್ಮ ವಠಾರ ಎಂಬ ಪದಕ್ಕೆ ಇದಕ್ಕಿಂತ ಹತ್ತಿರದ ಇಟಾಲಿಯನ್ ಪದ ಸಿಗಲಾರದು. ಅಂಗಳದ ನಡುವೆ ಎಲ್ಲರಿಗೂ ಸೇರಿದ ನೀರಿನ ತೊಟ್ಟಿ, ಬಟ್ಟೆ ಒಗೆಯುವ ಕಲ್ಲು, ಮಕ್ಕಳ ಮೇಲೆ ಕಣ್ಣಿಡುವ ಅಜ್ಜಿಯರು.

ನೀರಿನ ವಿಚಾರವನ್ನು ಇಲ್ಲಿ ತುಸು ನಿಂತು ನೋಡಬೇಕು, ಏಕೆಂದರೆ ಈ ಊರಿನ ಜಾಣತನವೆಲ್ಲ ಅಡಗಿರುವುದು ಅಲ್ಲಿ. ಮಳೆ ಕಡಿಮೆ, ನದಿ ಕಮರಿಯ ತಳದಲ್ಲಿ. ಆದ್ದರಿಂದ ಚಾವಣಿಯ ಮೇಲೆ ಬಿದ್ದ ಹನಿಯನ್ನೂ ಬಿಡದೆ ಕಾಲುವೆಗಳ ಮೂಲಕ ಇಳಿಸಿ, ಗಂಟೆಯ ಆಕಾರದಲ್ಲಿ ಬಂಡೆಯೊಳಗೆ ಕೊರೆದು ಗಾರೆ ಹಚ್ಚಿದ ತೊಟ್ಟಿಗಳಲ್ಲಿ ಹಿಡಿದಿಡುತ್ತಿದ್ದರು. ಒಂದು ತೊಟ್ಟಿ ತುಂಬಿದರೆ ಕೆಳಗಿನದಕ್ಕೆ ಹರಿಯುತ್ತಿತ್ತು. ಪಟ್ಟಣದ ಮುಖ್ಯ ಚೌಕವಾದ ವಿತ್ತೋರಿಯೊ ವೆನೆತೊದ ಅಡಿಯಲ್ಲಿ 1991ರಲ್ಲಿ ಮತ್ತೆ ಬೆಳಕಿಗೆ ಬಂದ ಪಾಲೊಂಬಾರೊ ಲುಂಗೊ ಎಂಬ ಸಾರ್ವಜನಿಕ ತೊಟ್ಟಿಯೊಂದರಲ್ಲೇ ಸುಮಾರು 50 ಲಕ್ಷ ಲೀಟರ್ ನೀರು ಹಿಡಿಯುತ್ತಿತ್ತು. ಯುನೆಸ್ಕೊ ಮನ್ನಣೆಯ ಹಿಂದೆ ಈ ನೀರಿನ ವ್ಯವಸ್ಥೆಯ ಪಾಲೂ ಇದೆ. ಆದರೆ ಜನಸಂಖ್ಯೆ ಏರಿ ಜಮೀನು ಕೆಲವರ ಕೈ ಸೇರಿದ ಮೇಲೆ, ತೊಟ್ಟಿಗಳೂ ಉಗ್ರಾಣಗಳೂ ಮನೆಗಳಾದವು. ಗಾಳಿ ಬೆಳಕಿಲ್ಲದ ಒಂದೇ ಕೋಣೆಯಲ್ಲಿ ಹೇಸರಗತ್ತೆಯ ಜೊತೆ ಹತ್ತು ಜನ ಮಲಗುವ ಸ್ಥಿತಿ ಬಂತು. 1930ರ ದಶಕದ ಹೊತ್ತಿಗೆ ಸಾಸ್ಸಿಯ ನಡುವೆ ಹರಿಯುತ್ತಿದ್ದ ಹಳೆಯ ಹಳ್ಳಗಳನ್ನು ಮುಚ್ಚಿ ಮೇಲೆ ರಸ್ತೆ ಹಾಸಿದ್ದರಿಂದ ಇದ್ದಬದ್ದ ವ್ಯವಸ್ಥೆಯೂ ಹದಗೆಟ್ಟಿತು.

ತೊರೀನೊದ ವೈದ್ಯ ಮತ್ತು ಚಿತ್ರಕಾರ ಕಾರ್ಲೊ ಲೇವಿಯನ್ನು ಫ್ಯಾಸಿಸ್ಟ್ ಸರ್ಕಾರ 1935ರಲ್ಲಿ ಗಡಿಪಾರು ಮಾಡಿ ಕಳಿಸಿದ್ದು ಈ ಪ್ರಾಂತ್ಯದ ಗ್ರಾಸ್ಸಾನೊ ಮತ್ತು ಅಲಿಯಾನೊ ಎಂಬ ಹಳ್ಳಿಗಳಿಗೆ. ಆ ಅನುಭವವನ್ನು ಅವರು 1945ರಲ್ಲಿ ಪುಸ್ತಕವಾಗಿ ಪ್ರಕಟಿಸಿದಾಗ ಮತೇರಾದ ಬಡತನ ದೇಶದ ಕಣ್ಣಿಗೆ ಬಿತ್ತು. ಸಾಸ್ಸಿ ರಾಷ್ಟ್ರದ ಲಜ್ಜೆ ಎಂಬ ಮಾತು ರಾಜಕಾರಣಿಗಳ ಬಾಯಲ್ಲಿ ಹರಿದಾಡಿತು. 1952ರ ಕಾನೂನಿನ ಪ್ರಕಾರ ಸುಮಾರು 15,000 ಜನರನ್ನು ಹಂತಹಂತವಾಗಿ ಗುಹೆಗಳಿಂದ ಹೊಸ ಬಡಾವಣೆಗಳಿಗೆ ಸಾಗಿಸಲಾಯಿತು. ಅವುಗಳಲ್ಲಿ ಮೊದಲಿನದಾದ ಲಾ ಮಾರ್ತೆಲ್ಲಾವನ್ನು ಲುದೊವಿಕೊ ಕ್ವಾರೊನಿ ಮೊದಲಾದ ವಾಸ್ತುಶಿಲ್ಪಿಗಳು ವಠಾರದ ಬದುಕು ಅಲ್ಲೂ ಉಳಿಯಲೆಂದು ಎಚ್ಚರದಿಂದ ರೂಪಿಸಿದ್ದರು. ಮನೆಯ ಪಕ್ಕದಲ್ಲೇ ಕೊಟ್ಟಿಗೆ, ಮನೆಗಳ ನಡುವೆ ಸಣ್ಣ ಅಂಗಳಗಳು. ಆದರೆ ಭೂಸುಧಾರಣೆಯಲ್ಲಿ ಸಿಕ್ಕ ತುಂಡು ಭೂಮಿ ಸಂಸಾರ ಸಾಕಲು ಸಾಲದೆ ಹಲವರು ಮತ್ತೆ ಉತ್ತರದ ರೈಲು ಹತ್ತಿದರು. ಇತ್ತ ಖಾಲಿಯಾದ ಗುಹೆಮನೆಗಳ ಬಹುಪಾಲು ಸರ್ಕಾರದ ಆಸ್ತಿಯಾಯಿತು, ಬಾಗಿಲುಗಳಿಗೆ ಇಟ್ಟಿಗೆಯ ಗೋಡೆ ಬಿತ್ತು.

ಮತೇರಾದ ಕಥೆಯನ್ನು ಲಜ್ಜೆಯಿಂದ ಹೆಮ್ಮೆಯವರೆಗೆ ಎಂಬ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವ ರೂಢಿಯಿದೆ. ಪ್ರವಾಸಿ ಕೈಪಿಡಿಗಳಲ್ಲಿ ಅದು ಚೆಂದ. ಆದರೆ ಆ ಹೇಳಿಕೆಯ ನಡುವೆ ಆಸ್ತಿ ಕೈಬದಲಾದ ಸಂಗತಿ ಕಳೆದುಹೋಗುತ್ತದೆ. 1986ರ 771ನೆಯ ಕಾನೂನು 10,000 ಕೋಟಿ ಲೀರಾ ಮೀಸಲಿಟ್ಟು, ಸರ್ಕಾರಕ್ಕೆ ಸೇರಿದ ಗುಹೆಮನೆಗಳನ್ನು 99 ವರ್ಷಗಳ ಮಟ್ಟಿಗೆ ಮತೇರಾ ಪುರಸಭೆಯ ವಶಕ್ಕೆ ಕೊಟ್ಟಿತು. ಪುರಸಭೆ ಅವನ್ನು ಅವಧಿ ಗೊತ್ತುಮಾಡಿ ಖಾಸಗಿಯವರಿಗೆ ಉಪಗುತ್ತಿಗೆಗೆ ನೀಡಬಹುದಿತ್ತು. ಪಡೆದವರು ಸ್ವಂತ ಹಣದ ಜೊತೆಗೆ ಸರ್ಕಾರದ ಸಹಾಯಧನ ಸೇರಿಸಿ ದುರಸ್ತಿ ಮಾಡಿಸಿಕೊಳ್ಳಬೇಕಿತ್ತು. ಯುರೋಪಿನ ಐತಿಹಾಸಿಕ ಪಟ್ಟಣಗಳಲ್ಲಿ ಇಂಥ ಸನ್ನಿವೇಶ ತೀರ ಅಪರೂಪ. ವೆನಿಸ್ ಅಥವಾ ದುಬ್ರೊವ್ನಿಕ್‌ನ ಆಡಳಿತಗಳು ಖಾಸಗಿ ಮಾಲೀಕರ ಎದುರು ಕೈಕಟ್ಟಿ ನಿಂತು, ಮನೆಗಳು ಒಂದೊಂದಾಗಿ ಪ್ರವಾಸಿಗರ ಬಾಡಿಗೆಕೋಣೆಗಳಾಗುವುದನ್ನು ನೋಡಬೇಕಾಗಿ ಬಂತು. ಮತೇರಾದಲ್ಲಿ ಆಡಳಿತವೇ ಮನೆಯೊಡೆಯ. ಎಷ್ಟು ಗುಹೆ ವಾಸಕ್ಕೆ, ಎಷ್ಟು ಕುಶಲಕರ್ಮಿಗಳಿಗೆ, ಎಷ್ಟು ತಂಗುದಾಣಕ್ಕೆ ಎಂದು ಗೆರೆ ಎಳೆಯುವ ಬಳಪ ಅದರ ಕೈಯಲ್ಲೇ ಇತ್ತು.

ಆರಂಭದಲ್ಲಿ ಗೆರೆ ವಾಸದ ಕಡೆಗೇ ಇತ್ತು. ಮರಳಿ ಬಂದವರಲ್ಲಿ ಊರಿನ ಯುವಕರು, ವಕೀಲರು, ಶಿಲ್ಪಿಗಳು ಇದ್ದರು. 1959ರಲ್ಲೇ ಹುಟ್ಟಿದ ಲಾ ಸ್ಕಾಲೆತ್ತಾ ಎಂಬ ಸ್ಥಳೀಯ ಬಳಗ ಗುಹೆಗಳಲ್ಲಿದ್ದ ಮಧ್ಯಕಾಲದ ಚರ್ಚುಗಳನ್ನು ಹುಡುಕಿ ದಾಖಲಿಸಿ, ಸಾಸ್ಸಿ ಎಂದರೆ ಕೊಳಚೆಯಲ್ಲ ಎಂಬುದನ್ನು ಊರಿಗೇ ಮನವರಿಕೆ ಮಾಡಿಕೊಟ್ಟಿತ್ತು. ಆಮೇಲೆ ಲೆಕ್ಕ ಬದಲಾಯಿತು. ತೇವ ಹಿಡಿದ ಗುಹೆಯನ್ನು ಇಂದಿನ ಬದುಕಿಗೆ ಒಗ್ಗುವಂತೆ ಮಾಡುವ ಖರ್ಚು ದೊಡ್ಡದು. ತಿಂಗಳ ಬಾಡಿಗೆ ಆ ಖರ್ಚನ್ನು ತೀರಿಸಲಾರದು, ರಾತ್ರಿ ಲೆಕ್ಕದ ಬಾಡಿಗೆ ತೀರಿಸುತ್ತದೆ. ಬಾಗಿಲವರೆಗೆ ಕಾರು ಬಾರದ, ದಿನಸಿ ಅಂಗಡಿ ಮೆಟ್ಟಿಲುಗಳ ಮೇಲಿರುವ ಜಾಗದಲ್ಲಿ ಎಳೆಯ ಮಕ್ಕಳಿರುವ ಕುಟುಂಬ ನಿಲ್ಲುವುದು ಕಷ್ಟ. ಎರಡು ರಾತ್ರಿಯ ಅತಿಥಿಗೆ ಅದೇ ಮೆಟ್ಟಿಲು ಸೊಬಗು. ಪ್ರತಿಯೊಬ್ಬ ಗುತ್ತಿಗೆದಾರನ ತೀರ್ಮಾನವೂ ಅವನ ಮಟ್ಟಿಗೆ ಸರಿಯೇ. ಎಲ್ಲ ಸರಿ ತೀರ್ಮಾನಗಳನ್ನೂ ಕೂಡಿಸಿದಾಗ ಮಾತ್ರ, ಚಳಿಗಾಲದ ಸಂಜೆ ದೀಪ ಹತ್ತಿದ ಕಿಟಕಿಗಳನ್ನು ಎಣಿಸಬೇಕಾದ ಕೇರಿಯೊಂದು ಉಳಿಯುತ್ತದೆ. ಇಂಥ ಕೂಡಿಕೆಯನ್ನು ತಡೆಯುವುದಕ್ಕೆಂದೇ ಮನೆಯೊಡೆಯನ ಸ್ಥಾನದಲ್ಲಿ ಸಾರ್ವಜನಿಕ ಸಂಸ್ಥೆ ಇರಬೇಕಾದದ್ದು. ಮತೇರಾ ತನ್ನ ಕೈಯಲ್ಲಿದ್ದ ಬಳಪವನ್ನು ಸಾಕಷ್ಟು ಬಳಸಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಾಗೆಂದು 2019ರ ಸಾಂಸ್ಕೃತಿಕ ವರ್ಷವನ್ನು ಬರಿಯ ಜಾತ್ರೆ ಎಂದು ತಳ್ಳಿಹಾಕುವಂತಿಲ್ಲ. ಅದರ ಸಂಘಟಕರು ಟಿಕೆಟ್ಟಿನ ಬದಲು 19 ಯೂರೊದ ಪಾಸ್‌ಪೋರ್ಟ್ ಒಂದನ್ನು ಮಾಡಿ, ಅದನ್ನು ಕೊಂಡವರು ವರ್ಷವಿಡೀ ಕಾರ್ಯಕ್ರಮಗಳಿಗೆ ಬರಬಹುದೆಂದರು. ಬಂದವರನ್ನು ಪ್ರವಾಸಿಗರೆನ್ನದೆ ತಾತ್ಕಾಲಿಕ ಪೌರರು ಎಂದು ಕರೆದರು. ಪೌರತ್ವದ ಕಲ್ಪನೆ ಒಳ್ಳೆಯದೇ, ಆದರೆ ಸಂಖ್ಯೆಗಳು ಬೇರೆ ಮಾತಾಡಿದವು. ಆ ವರ್ಷ ದಾಖಲಾದ ರಾತ್ರಿ ವಾಸ್ತವ್ಯಗಳು ಏಳು ಲಕ್ಷ ದಾಟಿದವು, ಸರಾಸರಿ ಅತಿಥಿ ಮಾತ್ರ ಎರಡು ರಾತ್ರಿಯೂ ನಿಲ್ಲಲಿಲ್ಲ. ಎರಡು ರಾತ್ರಿಯ ಅತಿಥಿ ಅಲಿಯಾನೊಕ್ಕೆ ಹೋಗುವುದಿಲ್ಲ, ಒಳಗಿನ ಬೆಟ್ಟದೂರು ಸ್ತಿಲ್ಯಾನೊಕ್ಕೂ ಹೋಗುವುದಿಲ್ಲ. ಹಣ ಮತೇರಾದಲ್ಲೇ, ಅದರಲ್ಲೂ ಸಾಸ್ಸಿಯಲ್ಲೇ ನಿಲ್ಲುತ್ತದೆ.

ಒಳಗೊಳ್ಳುವಿಕೆ ಎಂಬ ಪದವನ್ನು ಅಂಗವಿಕಲರ ಅನುಕೂಲ ಎಂಬ ಅರ್ಥಕ್ಕೆ ಮಾತ್ರ ಕಟ್ಟಿಹಾಕುವುದೂ ಉಂಟು. ಸಾಸ್ಸಿಯ ಮೆಟ್ಟಿಲುಗಳಲ್ಲಿ ಗಾಲಿಕುರ್ಚಿ ಸಾಗದು, ಪಾರಂಪರಿಕ ಕಟ್ಟಡಗಳ ನಿಯಮಗಳ ನಡುವೆ ಇಳಿಜಾರು ಕಟ್ಟಲು ಅನುಮತಿ ಸುಲಭವಲ್ಲ, ಇದೆಲ್ಲ ನಿಜ. ಆದರೆ ಗಾಲಿಕುರ್ಚಿಯ ಅತಿಥಿಯನ್ನು ತಡೆಯುವ ಮೆಟ್ಟಿಲೇ ತರಕಾರಿ ಚೀಲ ಹಿಡಿದ ಎಂಬತ್ತರ ಅಜ್ಜಿಯನ್ನೂ ತಡೆಯುತ್ತದೆ. ಬಸಿಲಿಕಾತಾದ ಬೆಟ್ಟದೂರುಗಳಲ್ಲಿ ಉಳಿದಿರುವವರಲ್ಲಿ ವಯಸ್ಸಾದವರೇ ಹೆಚ್ಚಿರುವಾಗ, ಊರಿನವರಿಗಾಗಿ ಮೆಟ್ಟಿಲ ಬದಿಗೆ ಹಾಕಿದ ಆಸರೆಯ ಸರಳು ಅತಿಥಿಗೂ ಒದಗುತ್ತದೆ; ಅತಿಥಿಗೆಂದು ಹೋಟೆಲಿನೊಳಗೆ ಕೂಡಿಸಿದ ಲಿಫ್ಟ್ ಊರಿನವರಿಗೆ ಒದಗುವುದಿಲ್ಲ. ಯಾವುದಕ್ಕೆ ಮೊದಲು ಹಣ ಬಿಡುಗಡೆಯಾಗುತ್ತದೆ ಎಂಬುದರಲ್ಲೇ ನೀತಿ ಯಾರದೆಂದು ತಿಳಿಯುತ್ತದೆ.

ಗ್ರಾಮೀಣ ತಂಗುದಾಣದ ಬಗ್ಗೆ ಇಟಲಿ ಜಗತ್ತಿಗೆ ಕೊಟ್ಟ ಒಂದು ಸ್ವಂತ ಕಲ್ಪನೆ ಎಂದರೆ ಅಲ್ಬೆರ್ಗೊ ದಿಫ್ಫುಜೊ, ಅಂದರೆ ಚದುರಿದ ಹೋಟೆಲು. 1976ರಲ್ಲಿ ಈಶಾನ್ಯದ ಫ್ರಿಯೂಲಿಯಲ್ಲಿ ಭೂಕಂಪವಾಗಿ ಹಳ್ಳಿಗಳು ನೆಲಕಚ್ಚಿದ ನಂತರ, ಮರಳಿ ಕಟ್ಟಿದ ಮನೆಗಳು ಖಾಲಿ ಉಳಿದಾಗ ಹೊಳೆದ ಉಪಾಯ ಇದು. ಹೊಸ ಕಟ್ಟಡ ಕಟ್ಟುವಂತಿಲ್ಲ. ಊರಿನ ಬೇರೆಬೇರೆ ಹಳೆಯ ಮನೆಗಳೇ ಕೋಣೆಗಳು, ಒಂದು ಮನೆ ಸ್ವಾಗತಕ್ಕೆ, ಇನ್ನೊಂದು ಊಟಕ್ಕೆ, ಎಲ್ಲಕ್ಕೂ ಆಡಳಿತ ಒಂದೇ. ಈ ಕಲ್ಪನೆಗೆ ಸ್ಪಷ್ಟ ರೂಪ ಕೊಟ್ಟ ಜಿಯಾಂಕಾರ್ಲೊ ದಾಲ್ಲಾರಾ ಅವರ ಷರತ್ತುಗಳಲ್ಲಿ ಜನ ಬಾಳುತ್ತಿರುವ ಊರು ಇರಲೇಬೇಕು ಎಂಬುದು ಮುಖ್ಯವಾದದ್ದು. ಸಾರ್ದಿನ್ಯಾ ಪ್ರಾಂತ್ಯ 1998ರಲ್ಲಿ ಇದಕ್ಕೆ ಕಾನೂನಿನ ಮುದ್ರೆ ಒತ್ತಿತು, ಉಳಿದ ಪ್ರಾಂತ್ಯಗಳು ಹಿಂಬಾಲಿಸಿದವು. ಸ್ವೀಡನ್ ಮತ್ತು ಇಟಲಿ ಎರಡೂ ಮೂಲಗಳ ದಾನಿಯೇಲೆ ಕಿಲ್‌ಗ್ರೆನ್ ಎಂಬ ಉದ್ಯಮಿ ಅಬ್ರುತ್ಸೊ ಪ್ರಾಂತ್ಯದ ಸಾಂತೊ ಸ್ತೆಫಾನೊ ದಿ ಸೆಸ್ಸಾನಿಯೊ ಎಂಬ ಬೆಟ್ಟದ ಹಳ್ಳಿಯಲ್ಲಿ ಮನೆಗಳನ್ನು ಕೊಂಡು, ಹೊಗೆ ಹಿಡಿದ ಗೋಡೆಯನ್ನೂ ಬಿಡದೆ ಉಳಿಸಿ ಇಂಥದೊಂದು ತಂಗುದಾಣ ಮಾಡಿದರು. ಮುಂದೆ ಮತೇರಾದ ಗುಹೆಗಳಲ್ಲೂ ಅದೇ ಬಗೆಯದನ್ನು ತೆರೆದರು.

ಕಟ್ಟಡ ಉಳಿಸಿದ್ದರಲ್ಲಿ ಆ ಸಾಹಸಕ್ಕೆ ಪೂರ್ಣ ಅಂಕ ಸಲ್ಲಬೇಕು. ಆದರೆ ಹೆಸರುವಾಸಿಯಾದ ತಂಗುದಾಣ ಹದಿನೈದು ವರ್ಷ ನಡೆದ ಮೇಲೂ, 2020ರಲ್ಲಿ, ನೂರು ಚಿಲ್ಲರೆ ಜನರಿದ್ದ ಅದೇ ಸಾಂತೊ ಸ್ತೆಫಾನೊದ ಪುರಸಭೆ, ಊರಿಗೆ ಬಂದು ನೆಲೆಸುವ ಯುವಕರಿಗೆ ಒಟ್ಟು 44,000 ಯೂರೊವರೆಗೆ ಕೊಡುತ್ತೇವೆ ಎಂದು ಪ್ರಕಟಣೆ ಹೊರಡಿಸಬೇಕಾಯಿತು. ಅತಿಥಿಗಳಿದ್ದರು, ನೆರೆಹೊರೆಯವರು ಸಾಲುತ್ತಿರಲಿಲ್ಲ. ಚದುರಿದ ಹೋಟೆಲಿಗೆ ಬೇಕಾದ ಕಚ್ಚಾವಸ್ತು ಖಾಲಿ ಮನೆ ಎಂದುಕೊಳ್ಳುತ್ತೇವೆ. ನಿಜವಾಗಿ ಬೇಕಾದದ್ದು ತುಂಬಿದ ಪಕ್ಕದ ಮನೆ.

ಖಾಲಿ ಮನೆಯಾದರೂ ಸುಲಭವಾಗಿ ಸಿಗುತ್ತದೆಯೇ? ಬಸಿಲಿಕಾತಾದ ಹಳ್ಳಿಯೊಂದರಲ್ಲಿ ಬೀಗ ಜಡಿದ ಮನೆಗೆ ವಾರಸುದಾರರು ಮೂರು ಖಂಡಗಳಲ್ಲಿ ಹರಡಿರುವುದು ಸಾಮಾನ್ಯ. ಒಬ್ಬ ಮೊಮ್ಮಗ ಬ್ಯೂನಸ್ ಐರಿಸ್‌ನಲ್ಲಿ, ಒಬ್ಬಳು ನ್ಯೂಜೆರ್ಸಿಯಲ್ಲಿ, ಇನ್ನೊಬ್ಬ ಸ್ಟುಟ್‌ಗಾರ್ಟ್‌ನಲ್ಲಿ. ಕಾಗದದಲ್ಲಿ ಇನ್ನೂ ಮುತ್ತಜ್ಜನ ಹೆಸರು. ನಮ್ಮ ಮಲೆನಾಡಿನ ಪಾಲಾಗದ ಮನೆಗಳನ್ನು ಬಲ್ಲವರಿಗೆ ಈ ಗೋಜಲನ್ನು ವಿವರಿಸಿ ಹೇಳಬೇಕಿಲ್ಲ. ಸಿಸಿಲಿಯಲ್ಲಿ ಶುರುವಾಗಿ ದಕ್ಷಿಣಕ್ಕೆಲ್ಲ ಹರಡಿದ ಒಂದು ಯೂರೊ ಮನೆಯ ಯೋಜನೆಗಳು ಪತ್ರಿಕೆಗಳಿಗೆ ರಸವತ್ತಾದ ಸುದ್ದಿ ಒದಗಿಸಿದವು, ದುರಸ್ತಿಯ ಷರತ್ತು ಮತ್ತು ಖರ್ಚನ್ನು ಸುದ್ದಿಯ ಕೊನೆಯ ಸಾಲಿಗೆ ತಳ್ಳಿದವು. ಅದಕ್ಕಿಂತ ಅರ್ಥಪೂರ್ಣವಾದದ್ದು ಬೇರುಗಳ ಪ್ರವಾಸ ಎಂದು ಇಟಲಿ ಕರೆಯುವ ಪ್ರಯತ್ನ. ಗುಳೆ ಹೋದವರ ಸಂತತಿಯನ್ನು ಊರಿಗೆ ಕರೆತರುವ ಕೆಲಸಕ್ಕೆ ವಿದೇಶಾಂಗ ಸಚಿವಾಲಯ 2024ನ್ನು ಮೀಸಲಿಟ್ಟಿತ್ತು. ಹೀಗೆ ಬರುವವರು ಹೆಚ್ಚು ದಿನ ನಿಲ್ಲುತ್ತಾರೆ, ಸ್ಮಶಾನದಲ್ಲಿ ಹೆಸರು ಹುಡುಕುತ್ತಾರೆ, ಮುಖ್ಯವಾಗಿ ಆ ಮನೆಗಳ ಕಾಗದಕ್ಕೆ ಸಹಿ ಹಾಕಬಲ್ಲವರೂ ಅವರೇ.

ಮತೇರಾದಿಂದ ಒಳಕ್ಕೆ ಹೋದರೆ ಪ್ರತಿ ಊರೂ ತನಗೆ ತೋಚಿದ ದಾರಿ ಹಿಡಿದಿದೆ. ಕಡಿದಾದ ಕಲ್ಲುಶಿಖರಗಳಿಗೆ ಅಂಟಿಕೊಂಡ ಕಾಸ್ತೆಲ್‌ಮೆಜ್ಜಾನೊ ಮತ್ತು ಪಿಯೆತ್ರಪೆರ್ತೋಸಾ ಎಂಬ ಎರಡು ಹಳ್ಳಿಗಳ ನಡುವೆ 2007ರಲ್ಲಿ ಉಕ್ಕಿನ ಹಗ್ಗ ಕಟ್ಟಿ, ಪ್ರವಾಸಿಗರನ್ನು ಕಣಿವೆಯ ಮೇಲೆ ಹಾರಿಸಲಾಗುತ್ತಿದೆ. ದೇವದೂತನ ಹಾರಾಟ ಎಂದು ಅದಕ್ಕೆ ಹೆಸರು. ಸಾವಿರ ಜನರೂ ಇಲ್ಲದ ಊರುಗಳಿಗೆ ಅದು ಹೆಸರನ್ನೂ ಊಟದ ಮನೆಗಳನ್ನೂ ತಂದಿತು, ಆದರೆ ಚಳಿಗಾಲದಲ್ಲಿ ಹಗ್ಗ ನಿಲ್ಲುತ್ತದೆ, ಅದರೊಂದಿಗೆ ಕೆಲಸವೂ. 1963ರ ಭೂಕುಸಿತದ ನಂತರ ಜನ ಬಿಟ್ಟುಹೋದ ಕ್ರಾಕೊದಲ್ಲಿ ಟಿಕೆಟ್ ಕೊಂಡು, ಶಿರಸ್ತ್ರಾಣ ತೊಟ್ಟು, ಮಾರ್ಗದರ್ಶಿಯೊಂದಿಗೆ ಪಾಳುಮನೆಗಳ ನಡುವೆ ನಡೆಯಬಹುದು. ಲೇವಿ ಇದ್ದ ಅಲಿಯಾನೊದಲ್ಲಿ ಅವರ ಸಮಾಧಿಯೂ ಇದೆ. ಕವಿ ಫ್ರಾಂಕೊ ಅರ್ಮಿನಿಯೊ ಅಲ್ಲಿ ನಡೆಸುವ ಬೇಸಿಗೆಯ ಉತ್ಸವಕ್ಕೆ ಬಂದವರಿಗೆ ಊರೇ ವೇದಿಕೆ.

ಇವೆಲ್ಲಕ್ಕಿಂತ ಅಚ್ಚೆತ್ತೂರಾ ಎಂಬ ಊರಿನ ಮಾಜ್ಜೊ ಹಬ್ಬ ನನಗೆ ಹೆಚ್ಚು ಕಲಿಸುತ್ತದೆ. ಈಸ್ಟರ್ ನಂತರ ಬರುವ ಪೆಂತೆಕೋಸ್ತೆ ಎಂಬ ಕ್ರೈಸ್ತ ಹಬ್ಬದ ಸಮಯದಲ್ಲಿ ಮೊಂತೆಪಿಯಾನೊ ಕಾಡಿನಿಂದ ಭಾರಿ ಓಕ್ ಮರವನ್ನು ಎತ್ತುಗಳ ಜೋಡಿಗಳಿಂದ ಎಳೆಸಿ ತಂದು, ಗಲ್ಲಿಪೊಲಿ ಕೊನ್ಯಾತೊ ಕಾಡಿನಿಂದ ಹೆಗಲ ಮೇಲೆ ಹೊತ್ತು ತಂದ ಹೋಲಿ ಎಂಬ ಮುಳ್ಳೆಲೆಯ ಗಿಡದ ತುದಿಯನ್ನು ಅದಕ್ಕೆ ಕಟ್ಟಿ, ಎರಡೂ ಮರಗಳ ಮದುವೆ ಮಾಡಿ ಊರ ನಡುವೆ ನಿಲ್ಲಿಸುತ್ತಾರೆ. ಎತ್ತು ಸಾಕಿದವರು, ಹೊರೆ ಹೊರುವವರು, ಊಟ ಬಡಿಸುವವರು ಯಾರೂ ನಟರಲ್ಲ. ಸಂತ ಜೂಲಿಯಾನೊಗೆ ಹೊತ್ತ ಹರಕೆ ತೀರಿಸಲು ಜರ್ಮನಿಯಿಂದ ರಜೆ ಹಾಕಿ ಬಂದ ಕಾರ್ಮಿಕರೂ ಅವರ ನಡುವೆ ಇರುತ್ತಾರೆ. ಹೊರಗಿನವರು ಬಂದರೆ ಸಂತೋಷ, ಬಾರದಿದ್ದರೂ ಮರದ ಮದುವೆ ನಿಲ್ಲದು. ಅತಿಥಿಯನ್ನೇ ನೆಚ್ಚಿಕೊಳ್ಳದ ಊರು ಅತಿಥಿಯೊಂದಿಗೆ ಸಮಾನವಾಗಿ ವ್ಯವಹರಿಸಬಲ್ಲದು.

ಕಾನೂನಿನ ಮಟ್ಟದಲ್ಲಿ ಈ ಸಮಾನತೆಯನ್ನು ಹಿಡಿದಿಟ್ಟ ಇಟಲಿಯ ವ್ಯವಸ್ಥೆ ಒಂದಿದ್ದರೆ ಅದು ಅಗ್ರಿತುರಿಸ್ಮೊ, ಅಂದರೆ ಹೊಲಮನೆಯ ಆತಿಥ್ಯ. 1985ರಲ್ಲಿ ಮೊದಲ ಕಾನೂನು ಬಂತು, 2006ರಲ್ಲಿ ಅದನ್ನು ಹೊಸದಾಗಿ ಬರೆಯಲಾಯಿತು. ಅತಿಥಿಗಳನ್ನು ಇರಿಸಿಕೊಳ್ಳುವ ಹಕ್ಕು ರೈತನಿಗೆ ಮಾತ್ರ, ಅದೂ ಬೇಸಾಯವೇ ಪ್ರಧಾನವಾಗಿ ಮುಂದುವರಿಯುವುದಾದರೆ. ಬಡಿಸುವ ಊಟದ ಗಣನೀಯ ಭಾಗ ಸ್ವಂತ ಹೊಲದ್ದೋ ಸ್ಥಳೀಯವೋ ಆಗಿರಬೇಕು. ಹೊಲ ಮಾರಿ ಹೋಟೆಲು ನಡೆಸುವವನಿಗೆ ಈ ಹೆಸರು ದಕ್ಕದು. ದೇಶದಲ್ಲಿ ಇಂಥ ಸುಮಾರು 26 ಸಾವಿರ ಹೊಲಮನೆಗಳಿವೆ, ಅವುಗಳಲ್ಲಿ ಸರಿಸುಮಾರು ಮೂರರಲ್ಲಿ ಒಂದನ್ನು ನಡೆಸುವವರು ಮಹಿಳೆಯರು. ದಕ್ಷಿಣದ ಹಳ್ಳಿಯಲ್ಲಿ ಹೆಣ್ಣೊಬ್ಬಳು ಯಜಮಾನಿಯ ಹೆಸರಿನಲ್ಲಿ ಲೆಕ್ಕಪುಸ್ತಕ ಇಡುವುದಕ್ಕೆ ಇದು ತೆರೆದ ಬಾಗಿಲು ಸಣ್ಣದಲ್ಲ. ಕೊರತೆಯೆಂದರೆ ಈ ಮನೆಗಳು ತೊಸ್ಕಾನಾ ಮತ್ತು ಉತ್ತರದ ಬೆಟ್ಟಸೀಮೆಯಲ್ಲಿ ಗುಂಪುಗೂಡಿವೆ. ರಸ್ತೆ ಮತ್ತು ವಿಮಾನ ನಿಲ್ದಾಣ ದೂರವಿರುವ ಬಸಿಲಿಕಾತಾದಲ್ಲಿ ಅವು ವಿರಳ.

ಹೊಲದ ಮಾತು ಬಂದಾಗ ಹೊಲದಲ್ಲಿ ದುಡಿಯುವವರ ಮಾತು ಬಿಡುವಂತಿಲ್ಲ. ಮತೇರಾ ಜಿಲ್ಲೆಯ ಕರಾವಳಿ ಬಯಲಾದ ಮೆತಪೊಂತೀನೊ ಸ್ಟ್ರಾಬೆರಿ ಮತ್ತು ಕಿತ್ತಳೆಗೆ ಹೆಸರಾದದ್ದು. ಪ್ರವಾಸಿಯ ತಟ್ಟೆಗೆ ಬರುವ ಹಣ್ಣನ್ನು ಕೀಳುವವರಲ್ಲಿ ಬಹಳ ಮಂದಿ ಆಫ್ರಿಕ, ಪೂರ್ವ ಯುರೋಪ್ ಮತ್ತು ಭಾರತ ಉಪಖಂಡದಿಂದ ಬಂದ ವಲಸಿಗರು. ಅವರಲ್ಲಿ ಹಲವರು ಕಪೊರಾಲೆ ಎಂಬ ಮೇಸ್ತ್ರಿಗಳ ಕೈಕೆಳಗೆ ದುಡಿಯುವವರು. ಆ ಶೋಷಣೆಯ ವಿರುದ್ಧ 2016ರಲ್ಲಿ ಕಠಿಣ ಕಾನೂನು ಬಂದಿದೆ. ಆದರೂ 2019ರ ಆಗಸ್ಟ್ ತಿಂಗಳಲ್ಲಿ, ಮತೇರಾ ಸಾಂಸ್ಕೃತಿಕ ರಾಜಧಾನಿಯ ಸಂಭ್ರಮದಲ್ಲಿದ್ದಾಗ, ಅದೇ ಜಿಲ್ಲೆಯ ಬೆರ್ನಾಲ್ದಾ ಬಳಿ ಪಾಳುಬಿದ್ದ ಕೈಗಾರಿಕಾ ಶೆಡ್ಡುಗಳಲ್ಲಿ ವಲಸೆ ಕಾರ್ಮಿಕರು ತಂಗಿದ್ದ ಲಾ ಫೆಲಾಂದಿನಾ ಎಂಬಲ್ಲಿ ಬೆಂಕಿ ಹತ್ತಿ ನೈಜೀರಿಯಾದ ಯುವತಿಯೊಬ್ಬಳು ಸತ್ತಳು. ತಿಂಗಳು ಮುಗಿಯುವ ಮೊದಲೇ ಉಳಿದವರನ್ನು ಅಲ್ಲಿಂದ ತೆರವು ಮಾಡಿಸಲಾಯಿತು. 2025ರ ಅಕ್ಟೋಬರ್‌ನಲ್ಲಿ ಅದೇ ಬಯಲಿನ ಸ್ಕಾನ್ಸಾನೊ ಯೋನಿಕೊ ಬಳಿ ನಡೆದ ರಸ್ತೆ ಅಪಘಾತದಲ್ಲಿ ನಾಲ್ವರು ಭಾರತೀಯ ಕೃಷಿ ಕಾರ್ಮಿಕರು ಜೀವ ಕಳೆದುಕೊಂಡರು. ತಾತ್ಕಾಲಿಕ ಪೌರ ಎಂಬ ಬಿರುದು 19 ಯೂರೊ ಕೊಟ್ಟ ಅತಿಥಿಗೆ ಸಿಕ್ಕಿತು, ವರ್ಷವಿಡೀ ದುಡಿದವರಿಗೆ ಹಾಸಿಗೆಯೂ ಸಿಗಲಿಲ್ಲ. ಎಲ್ಲರನ್ನೂ ಒಳಗೊಳ್ಳುವ ಗ್ರಾಮೀಣ ಪ್ರವಾಸೋದ್ಯಮದ ವರದಿಗಳಲ್ಲಿ ಕೃಷಿ ಕಾರ್ಮಿಕರ ವಸತಿಯನ್ನು ಬೇರೆ ಇಲಾಖೆಯ ವಿಷಯವೆಂದು ಬದಿಗಿಡುವುದು ನನಗೆ ಎಂದೂ ಒಪ್ಪಿಗೆಯಾಗಿಲ್ಲ.

ಸುಸ್ಥಿರತೆಯ ಲೆಕ್ಕಕ್ಕೆ ಬಂದರೆ, ನೀರೇ ಮೊದಲ ಸಾಕ್ಷಿ. ಬಸಿಲಿಕಾತಾ ಪರ್ವತದ ನಾಡು. ತನ್ನ ಅಣೆಕಟ್ಟುಗಳಿಂದ ನೆರೆಯ ಪುಲ್ಯಾಕ್ಕೂ ನೀರುಣಿಸುವ ಪ್ರಾಂತ್ಯ. ಅಂಥ ಪ್ರಾಂತ್ಯದಲ್ಲಿ 2024ರ ಶರತ್ಕಾಲದಲ್ಲಿ ಕಾಮಾಸ್ತ್ರಾ ಜಲಾಶಯ ಬತ್ತಿಹೋಗಿ, ರಾಜಧಾನಿ ಪೊತೆಂತ್ಸಾ ಮತ್ತು ಸುತ್ತಲಿನ ಊರುಗಳ ಸುಮಾರು 1.4 ಲಕ್ಷ ಜನರಿಗೆ ಗಂಟೆ ಲೆಕ್ಕದಲ್ಲಿ ನೀರು ಬಿಡಬೇಕಾಯಿತು. ಬಸೆಂತೊ ನದಿಯಿಂದ ನೀರೆತ್ತಿ ನಲ್ಲಿಗೆ ಹರಿಸಿದಾಗ ಅದರ ಶುದ್ಧತೆಯ ಬಗ್ಗೆ ಜನ ಬೀದಿಗಿಳಿದರು. ಮಳೆ ಕೈಕೊಟ್ಟಿದ್ದು ಒಂದು ಕಾರಣವಾದರೆ, ನಿರ್ವಹಣೆಯಿಲ್ಲದ ಅಣೆಕಟ್ಟು ಮತ್ತು ಸೋರುವ ಕೊಳವೆಗಳು ಇನ್ನೊಂದು. ಹನಿ ಹನಿ ಕೂಡಿಟ್ಟ ತೊಟ್ಟಿಗಳನ್ನು ತೋರಿಸಿ ವಿಶ್ವ ಪರಂಪರೆಯ ಗೌರವ ಪಡೆದ ಸಾಸ್ಸಿಯಲ್ಲಿ ಇಂದು ಆ ತೊಟ್ಟಿಗಳಲ್ಲಿ ಹಲವು ಪ್ರದರ್ಶನದ ವಸ್ತುಗಳು, ಕೆಲವು ತಂಗುದಾಣಗಳ ಸ್ನಾನದ ಕೊಳಗಳು.

ಹಣದ ಹರಿವಿನಲ್ಲೂ ಇದೇ ಪಕ್ಷಪಾತ ಕಾಣುತ್ತದೆ. ಕೋವಿಡ್ ನಂತರದ ಚೇತರಿಕೆಗೆ ಯುರೋಪಿನಿಂದ ಬಂದ ನಿಧಿಯಲ್ಲಿ ಇಟಲಿ ಸುಮಾರು 100 ಕೋಟಿ ಯೂರೊವನ್ನು ಬೊರ್ಗೊ ಎಂದು ಕರೆಯುವ ಹಳೆಯ ಹಳ್ಳಿಗಳಿಗೆ ಎತ್ತಿಟ್ಟಿತು. ಅದರಲ್ಲಿ 42 ಕೋಟಿಯನ್ನು 21 ಹಳ್ಳಿಗಳಿಗೆ ತಲಾ 2 ಕೋಟಿಯಂತೆ, ಪ್ರಾಂತ್ಯಕ್ಕೊಂದರ ಲೆಕ್ಕದಲ್ಲಿ ಹಂಚಿತು. ನೂರಾರು ಊರುಗಳು ತಮ್ಮ ಯೋಜನೆ ಬರೆಸಿ ಪೈಪೋಟಿಗೆ ನಿಂತು, ಒಂದು ಗೆದ್ದು ಉಳಿದವು ಬರಿಗೈಯಲ್ಲಿ ಮರಳಿದ ಈ ಲಾಟರಿ ನೀತಿ ಟೀಕೆಗೆ ಗುರಿಯಾದದ್ದು ಸಹಜ. ಕೆಲವೇ ನೂರು ಜನರಿರುವ ಊರು ಗಡುವಿನೊಳಗೆ 2 ಕೋಟಿ ಯೂರೊ ಖರ್ಚು ಮಾಡಬೇಕಾದಾಗ ಕಲ್ಲುಹಾಸು, ದೀಪಾಲಂಕಾರ ಮತ್ತು ವಸ್ತುಸಂಗ್ರಹಾಲಯವೇ ಸುಲಭದ ದಾರಿಯಾಗುತ್ತದೆ. ದಾದಿಯೊಬ್ಬಳ ಹತ್ತು ವರ್ಷದ ಸಂಬಳ ಬಂಡವಾಳ ವೆಚ್ಚದ ಅಂಕಣದಲ್ಲಿ ಕೂರುವುದಿಲ್ಲ.

ಇದಕ್ಕೆ ಬೇರೆಯದೇ ದಾರಿಯೊಂದು ಮೊದಲೇ ಇತ್ತು. ಫಾಬ್ರಿತ್ಸಿಯೊ ಬಾರ್ಕಾ ಸಚಿವರಾಗಿದ್ದಾಗ ರೂಪುಗೊಂಡ ಒಳನಾಡುಗಳ ರಾಷ್ಟ್ರೀಯ ಕಾರ್ಯನೀತಿ, ಹಳ್ಳಿಯನ್ನು ಅದರ ಸೊಬಗಿನಿಂದಲ್ಲ, ದೂರದಿಂದ ಅಳೆಯಿತು. ಪ್ರೌಢ ಶಿಕ್ಷಣದ ಶಾಲೆ, ತುರ್ತು ಚಿಕಿತ್ಸೆಯ ಆಸ್ಪತ್ರೆ, ರೈಲು ನಿಲ್ದಾಣ, ಈ ಮೂರೂ ಇರುವ ಕೇಂದ್ರದಿಂದ ಊರು ಎಷ್ಟು ನಿಮಿಷ ದೂರ ಎಂಬುದೇ ಅದರ ಮಾಪಕ. ಆ ಲೆಕ್ಕದಲ್ಲಿ ದೇಶದ ಐದರಲ್ಲಿ ಮೂರು ಪಾಲು ನೆಲ ಒಳನಾಡು, ಅಲ್ಲಿರುವ ಜನ ಒಟ್ಟು ಜನಸಂಖ್ಯೆಯ ಕಾಲುಭಾಗಕ್ಕೂ ಕಡಿಮೆ. ಅಚ್ಚೆತ್ತೂರಾ, ಅಲಿಯಾನೊ, ಕ್ರಾಕೊ, ಸ್ತಿಲ್ಯಾನೊಗಳೆಲ್ಲ ಸೇರಿದ ಮೊಂತಾನ್ಯಾ ಮತೆರಾನಾ ಈ ನೀತಿಯ ಪ್ರಾಯೋಗಿಕ ಪ್ರದೇಶಗಳಲ್ಲೊಂದು. ಶಾಲೆ, ಆರೋಗ್ಯ, ಸಾರಿಗೆ ಮೊದಲು, ಪ್ರವಾಸೋದ್ಯಮ ಆಮೇಲೆ ಎಂಬ ಈ ಕ್ರಮ ಸರಿಯಾದದ್ದೇ. ಕಾಗದಪತ್ರದ ಕೆಸರಿನಲ್ಲಿ ಹಣ ವರ್ಷಗಟ್ಟಲೆ ಹೂತುಹೋದದ್ದು ಅದರ ದುರಂತ. 2025ರಲ್ಲಿ ಪ್ರಕಟವಾದ ಹೊಸ ಯೋಜನೆಯಲ್ಲಿ, ಕೆಲವು ಪ್ರದೇಶಗಳು ಮರಳಿ ಬಾರದ ಹಾದಿಯಲ್ಲಿವೆ, ಅವುಗಳ ಜನಕ್ಷಯಕ್ಕೆ ಜೊತೆಗೊಡುವುದಷ್ಟೇ ಸಾಧ್ಯ ಎಂಬ ಅರ್ಥದ ಮಾತು ಕಂಡಾಗ, ಮೇಯರುಗಳೂ ಹಲವು ಬಿಷಪ್ಪರೂ ಸಿಟ್ಟಾಗಿ ಪ್ರತಿಭಟಿಸಿದರು. ಸಾಯುವವರ ಪಕ್ಕ ಕೂರುವ ವೈದ್ಯನ ಭಾಷೆಯನ್ನು ಸರ್ಕಾರ ತನ್ನದೇ ಊರುಗಳ ಬಗ್ಗೆ ಬಳಸಿದ್ದು ಅವರನ್ನು ಕೆಣಕಿತು. ಕಲಾಬ್ರಿಯಾದ ಮಾನವಶಾಸ್ತ್ರಜ್ಞ ವೀತೊ ತೇತಿ ಊರಿನಲ್ಲೇ ಉಳಿದು ಅದನ್ನು ಬದಲಿಸುವ ಹಟಕ್ಕೆ ರೆಸ್ತಾಂತ್ಸಾ ಎಂಬ ಪದ ಕೊಟ್ಟಿದ್ದಾರೆ. ಆ ಪದ ಈಗ ದಕ್ಷಿಣದ ಯುವಕರ ಬಾಯಲ್ಲಿ ಘೋಷಣೆಯಂತಾಗಿದೆ. ಉಳಿಯುವ ಹಟಕ್ಕೆ ಬೆಳಗಿನ ಬಸ್ಸು ಬೇಕು, ಅದು ಇನ್ನೂ ಘೋಷಣೆಯಾಗಿಲ್ಲ.

ಮತೇರಾದಲ್ಲಿ ಇನ್ನೂ ಒಂದು ಅವಕಾಶ ಉಳಿದಿದೆ. ಗುಹೆಗಳ ಉಪಗುತ್ತಿಗೆಗಳು ಶಾಶ್ವತವಲ್ಲ. ಅವಧಿ ಮುಗಿದ ಹಾಗೆ ಒಂದೊಂದು ಕಡತವೂ ಪುರಸಭೆಯ ಮೇಜಿಗೆ ಮರಳುತ್ತದೆ. ಅಲ್ಪಾವಧಿ ಬಾಡಿಗೆಯ ಮನೆಗಳೆಲ್ಲ 2025ರಿಂದ ರಾಷ್ಟ್ರೀಯ ಗುರುತುಸಂಖ್ಯೆ ಪಡೆಯಲೇಬೇಕಾಗಿರುವುದರಿಂದ ಯಾವ ಗುಹೆಯಲ್ಲಿ ಅತಿಥಿ, ಯಾವುದರಲ್ಲಿ ಸಂಸಾರ ಎಂಬ ಪಟ್ಟಿಯನ್ನೂ ಈಗ ಸುಲಭವಾಗಿ ಮಾಡಬಹುದು. ನವೀಕರಣದ ಪ್ರತಿ ಒಪ್ಪಂದದಲ್ಲೂ, ಒಂದು ಅಂಗಳಕ್ಕೆ ಇಷ್ಟು ಬಾಗಿಲು ವರ್ಷವಿಡೀ ವಾಸಿಸುವವರಿಗೆ ಎಂಬ ಷರತ್ತನ್ನು ಸೇರಿಸುವುದಕ್ಕೆ ಹೊಸ ಕಾನೂನು ಬೇಕಿಲ್ಲ, ಯುರೋಪಿನ ನಿಧಿ ಬೇಕಿಲ್ಲ. ಮನೆಯೊಡೆಯನ ಸಹಿ ಸಾಕು. ಬಾಡಿಗೆಯಲ್ಲಿ ಸೋರುವ ಹಣವನ್ನು ತಂಗುದಾಣಗಳ ಗುತ್ತಿಗೆ ದರದಿಂದ ತುಂಬಿಕೊಳ್ಳಬಹುದು. ಗುಹೆಗಳಿಂದ ಹೊರಟ ಕುಟುಂಬಗಳ ಮೊಮ್ಮಕ್ಕಳು ಇಂದು ಲಾ ಮಾರ್ತೆಲ್ಲಾದಲ್ಲೂ ಸೆರ್ರಾ ವೆನೆರ್ದಿ ಬಡಾವಣೆಯಲ್ಲೂ ಇದ್ದಾರೆ. ಅವರಲ್ಲಿ ಕೆಲವರು ಪ್ರತಿದಿನ ಸಾಸ್ಸಿಗೆ ಇಳಿದುಬರುತ್ತಾರೆ, ಅತಿಥಿಗಳ ಹಾಸಿಗೆ ಸರಿಪಡಿಸಿ ಸಂಜೆ ಮೆಟ್ಟಿಲು ಹತ್ತಿ ಹಿಂದಿರುಗುತ್ತಾರೆ.